ಮಂಗಳೂರು, ಮೇ 2010: ವಾರಸುದಾರರು ಸಿಗದೆ ಉಳಿದ 12 ಶವಗಳು

ಅಸಹಜ ಸಾವಿನ ತನಿಖೆ ಕಲಿಸುವಾಗ ಜಾಸ್ತಿ ಸಮಯ ಹೋಗುವುದು 'ಹೇಗೆ ಸತ್ತರು' ಎಂಬ ಪ್ರಶ್ನೆಗೆ. ನೇಣೋ ಕೊಲೆಯೋ, ಮುಳುಗಿದ್ದೋ ಮುಳುಗಿಸಿದ್ದೋ. 'ಯಾರು ಸತ್ತರು' ಎಂಬ ಪ್ರಶ್ನೆ ಬೇಗ ಮುಗಿದುಹೋಗುತ್ತದೆ. ಮನೆಯವರು ಬಂದರು, ನೋಡಿದರು, ಅತ್ತರು, ಸಹಿ ಹಾಕಿದರು, ಶವ ಒಯ್ದರು. ಠಾಣೆಗೆ ದಿನವೂ ಬರುವ ಯುಡಿಆರ್ (ಅಸಹಜ ಸಾವಿನ ವರದಿ) ಪ್ರಕರಣಗಳಿಗೆ ಇಷ್ಟು ಸಾಕು ಕೂಡ. ಊರಿನ ಬಾವಿಯಲ್ಲಿ ಸಿಕ್ಕ ದೇಹ ಯಾರದೆಂದು ಊರಿಗೇ ಗೊತ್ತಿರುತ್ತದೆ.

ಇದು ಸಾಕಾಗದ ದಿನವೂ ಬರುತ್ತದೆ. ಕರ್ನಾಟಕದಲ್ಲಿ ಅದು ಬಂದದ್ದು 2010ರ ಮೇ 22, ಶನಿವಾರ ಬೆಳಿಗ್ಗೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ವಿಮಾನದಲ್ಲಿ 166 ಜನ ಇದ್ದರು. 158 ಜನ ಸತ್ತರು, 8 ಜನ ಬದುಕಿದರು. ವಿಮಾನ ಯಾಕೆ ಬಿತ್ತು ಎಂಬುದರ ಮೇಲೆ ತನಿಖಾ ನ್ಯಾಯಾಲಯ ವರದಿ ಕೊಟ್ಟಿದೆ, ಪೈಲಟ್‌ಗಳ ತರಬೇತಿಯಲ್ಲಿ ಅದನ್ನು ಈಗಲೂ ಓದುತ್ತಾರೆ. ಈ ಬರಹ ಅದರ ಬಗ್ಗೆ ಅಲ್ಲ. ವಿಮಾನ ಬಿದ್ದ ಮೇಲೆ ಶವಾಗಾರದ ಬಾಗಿಲಲ್ಲಿ ಏನಾಯಿತು, ಸಾವಿನ ತನಿಖೆ ಮಾಡುವವರು ಅದನ್ನು ಯಾಕೆ ಕಲಿಯಬೇಕು ಅನ್ನುವುದಷ್ಟೇ ಇಲ್ಲಿನ ವಿಷಯ.

ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಶವಗಳನ್ನು ಮಂಗಳೂರಿನ ಆಸ್ಪತ್ರೆಗಳಿಗೆ ತಂದರು. ಸತ್ತವರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯವರು. ಹಾಗಾಗಿ ಬಂಧುಗಳು ಕೆಲವೇ ಗಂಟೆಗಳಲ್ಲಿ ಬಂದು ಸೇರಿದರು. ಮುಖ, ಬಟ್ಟೆ, ಒಡವೆ, ಕೈಗಡಿಯಾರ, ಜೇಬಿನಲ್ಲಿದ್ದ ಕಾಗದ ನೋಡಿ ಗುರುತು ಹೇಳಿದರು. ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಶವಗಳು ಮನೆಗಳಿಗೆ ಹೋದವು. ಉಳಿದದ್ದು 22. ಯಾರಿಗೂ ಗುರುತು ಸಿಗದ, ಅಥವಾ ಒಂದಕ್ಕಿಂತ ಹೆಚ್ಚು ಮನೆಯವರು 'ನಮ್ಮದು' ಅಂದ ಶವಗಳು ಅವು. ಅವುಗಳ ಡಿಎನ್ಎ ಪರೀಕ್ಷೆಯನ್ನು ಹೈದರಾಬಾದಿನ ಡಿಎನ್ಎ ಬೆರಳಚ್ಚು ಕೇಂದ್ರ ಸಿಡಿಎಫ್‌ಡಿಗೆ ವಹಿಸಿದರು. ಶವ ಸಿಗದೆ ಕಾಯುತ್ತಿದ್ದ ಬಂಧುಗಳ ರಕ್ತದ ಮಾದರಿಯನ್ನೂ ತೆಗೆದುಕೊಂಡರು.

ಫಲಿತಾಂಶ ಬಂತು. 22ರಲ್ಲಿ 10 ಹೊಂದಿಕೆಯಾದವು. 12 ಯಾರ ರಕ್ತಕ್ಕೂ ಹೊಂದಲಿಲ್ಲ. ಕೊನೆಗೆ ಆ 12 ಶವಗಳಿಗೆ ಜಿಲ್ಲಾಡಳಿತವೇ ಅಂತ್ಯಸಂಸ್ಕಾರ ಮಾಡಿತು. ಸಂಸ್ಕಾರ ನಡೆದ ಕೂಳೂರು-ತಣ್ಣೀರುಬಾವಿ ರಸ್ತೆಯ ಬದಿಯಲ್ಲಿ ಈಗ ಸ್ಮಾರಕ ಇದೆ. ಪ್ರತಿ ವರ್ಷ ಮೇ 22ರಂದು ಜಿಲ್ಲಾಡಳಿತದವರು ಹೋಗಿ ಹೂವಿಟ್ಟು ಬರುತ್ತಾರೆ.

ಆ 12ರ ಲೆಕ್ಕ

ಪ್ರಕರಣದ ತಿರುಳು ಇರುವುದು ಈ 12 ಎಂಬ ಅಂಕಿಯಲ್ಲಿ. ತರಬೇತಿಗೆ ಬಂದವರ ಮುಂದೆ ಇದನ್ನಿಟ್ಟರೆ ಹೆಚ್ಚಿನವರು ಮೊದಲು ಹೇಳುವುದು 'ಲ್ಯಾಬ್‌ನಲ್ಲಿ ಏನೋ ಎಡವಟ್ಟಾಗಿದೆ' ಅಂತ. ಇಲ್ಲ. ಸ್ವಲ್ಪ ಕೂತು ಲೆಕ್ಕ ಹಾಕಿ.

ವಿಮಾನ ಹತ್ತಿದವರ ಪಟ್ಟಿ ಇದೆ. ಪಟ್ಟಿಯ ಹೊರಗಿನವರು ಯಾರೂ ಆ ವಿಮಾನದಲ್ಲಿ ಇರಲಿಲ್ಲ. 158 ಜನ ಸತ್ತರು, 158 ಮನೆಯವರಿಗೆ ಶವ ಸಿಗಬೇಕು. 136 ಹೋದವು, 22 ಉಳಿದವು. ಹೋದ 136 ಸರಿಯಾದ ಮನೆಗೇ ಹೋಗಿದ್ದರೆ, ಉಳಿದ 22 ಶವಗಳಿಗೂ ಕಾಯುತ್ತಿದ್ದ 22 ಮನೆಯವರಿಗೂ ಒಂದಕ್ಕೊಂದು ತಾಳೆಯಾಗಲೇಬೇಕು. ಮಾದರಿ ಕೊಟ್ಟವರ ರಕ್ತಸಂಬಂಧ ಸರಿಯಾಗಿದ್ದರೆ ಬೇರೆ ದಾರಿಯೇ ಇಲ್ಲ. 12 ತಾಳೆಯಾಗಲಿಲ್ಲ ಅಂದರೆ ಆ 12 ಜನರ ನಿಜವಾದ ಮನೆಯವರು ಕಾಯುವವರ ಸಾಲಿನಲ್ಲಿ ಇರಲೇ ಇಲ್ಲ. ಅವರು ಆಗಲೇ ಬೇರೆ ಯಾರದೋ ಶವ ಒಯ್ದು ಸಂಸ್ಕಾರ ಮುಗಿಸಿದ್ದರು. ಸಿಡಿಎಫ್‌ಡಿಯವರು ಆಗ ಬೊಟ್ಟು ಮಾಡಿದ್ದೂ ಇದೇ ಕಡೆಗೆ.

ಮದುವೆ ಮಂಟಪದ ಬಾಗಿಲಲ್ಲಿ ಯಾರೋ ಒಬ್ಬರು ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೋದರೆ, ಕೊನೆಗೆ ಹೊರಬಂದವರ ಕಾಲಿಗೆ ಉಳಿದ ಜೊತೆ ಹೊಂದುವುದಿಲ್ಲ. ಸಾವಿಗೆ ಈ ಹೋಲಿಕೆ ಹಗುರ ಅನ್ನಿಸಬಹುದು, ಆದರೆ ಲೆಕ್ಕ ಅದೇ. ತಪ್ಪಾದದ್ದು ಮೊದಲು ಹೋದವರಲ್ಲಿ. ಅದು ಕಾಣಿಸಿಕೊಳ್ಳುವುದು ಕೊನೆಗೆ ಉಳಿದವರಲ್ಲಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ತಪ್ಪಿದ್ದು 12 ಮಾತ್ರವಾ? ಹಾಗೆಂದು ಹೇಳಲು ಬರುವುದಿಲ್ಲ. ಇಬ್ಬರು ಮನೆಯವರು ಪರಸ್ಪರ ಶವ ಅದಲುಬದಲು ಮಾಡಿಕೊಂಡು ಹೋಗಿದ್ದರೆ ಇಬ್ಬರಿಗೂ ಶವ ಸಿಕ್ಕಿತು, ಯಾರೂ ದೂರು ಕೊಡಲಿಲ್ಲ, ಲೆಕ್ಕದಲ್ಲಿ ಎಲ್ಲವೂ ಸರಿ. ಅಂಥ ತಪ್ಪು ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ, ಯಾಕೆಂದರೆ ಆ ಶವಗಳನ್ನು ಯಾರೂ ಪರೀಕ್ಷೆಗೆ ಕಳಿಸುವುದಿಲ್ಲ. ಹಾಗಾಗಿ 12 ಎಂಬುದು ತಪ್ಪಿನ ಮೊತ್ತ ಅಲ್ಲ, ಕನಿಷ್ಠ ಮಿತಿ. ಈ ಮಾತು ತಲೆಗೆ ಹೋದ ಮೇಲೆ ತರಗತಿಯಲ್ಲಿ ಸದ್ದೇ ಇರುವುದಿಲ್ಲ.

ಸುಟ್ಟ ದೇಹ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಪ್ಪ ಮಗನನ್ನು ಗುರುತಿಸಲು ತಪ್ಪುವುದು ಹೇಗೆ? ಈ ಪ್ರಶ್ನೆ ಯಾವಾಗಲೂ ಬರುತ್ತದೆ. ಉತ್ತರ ಕೊಡಬೇಕಾದರೆ ಬೆಂಕಿ ದೇಹಕ್ಕೆ ಏನು ಮಾಡುತ್ತದೆ ಎಂದು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಬಿಸಿಗೆ ಸ್ನಾಯುಗಳು ಕುಗ್ಗುತ್ತವೆ. ಮಡಚುವ ಸ್ನಾಯುಗಳು ಬಿಡಿಸುವ ಸ್ನಾಯುಗಳಿಗಿಂತ ಬಲವಾದವು. ಹಾಗಾಗಿ ಮೊಣಕೈ, ಮೊಣಕಾಲು ಮಡಚಿ, ಮುಷ್ಟಿ ಕಟ್ಟಿ, ಕುಸ್ತಿಗೆ ನಿಂತ ಭಂಗಿ ಬರುತ್ತದೆ. ಗೊತ್ತಿಲ್ಲದವರು ಇದನ್ನು ನೋಡಿ 'ಸಾಯುವ ಮೊದಲು ಹೊಡೆದಾಡಿದ್ದಾರೆ' ಎಂದು ಮಹಜರಿನಲ್ಲಿ ಬರೆದ ಕಥೆಗಳಿವೆ. ಈ ಭಂಗಿಯಲ್ಲಿ ಎತ್ತರ ಅಳೆದರೆ ತಪ್ಪು ಬರುತ್ತದೆ. ಚರ್ಮ ಬಿಗಿದು ಸೀಳುತ್ತದೆ, ಅದು ಕತ್ತಿಯ ಗಾಯದ ಹಾಗೆ ಕಾಣಬಹುದು. ತಲೆಬುರುಡೆ ಬಿಸಿಗೆ ಬಿರುಕು ಬಿಡುತ್ತದೆ, ಹೊಡೆತ ಬಿದ್ದ ಹಾಗೆ. ಕೂದಲಿನ ಬಣ್ಣವನ್ನೂ ನಂಬುವಂತಿಲ್ಲ. ಮುಖದ ಮೃದು ಭಾಗ ಹೋದ ಮೇಲೆ ಉಳಿಯುವುದು ಹಲ್ಲುಗಳು ಮಾತ್ರ. ಅಪ್ಪನಿಗೆ ಮಗನ ನಗು ನೆನಪಿರುತ್ತದೆ, ಯಾವ ದವಡೆ ಹಲ್ಲಿಗೆ ಬೆಳ್ಳಿ ತುಂಬಿಸಿತ್ತು ಅನ್ನುವುದು ನೆನಪಿರುವುದಿಲ್ಲ.

ಬಟ್ಟೆಯ ತುಂಡು ಕೆಲವೊಮ್ಮೆ ಉಳಿಯುತ್ತದೆ, ಬೆಲ್ಟಿನ ಅಡಿ, ಕಂಕುಳ, ಸೀಟಿಗೆ ಒತ್ತಿದ ಬೆನ್ನು, ಅಂದರೆ ಗಾಳಿ ಹೋಗದ ಜಾಗಗಳಲ್ಲಿ. ಒಡವೆಯೂ ಉಳಿಯಬಹುದು. ಆದರೆ ಒಂದೇ ಕರಾವಳಿಯಿಂದ ಗಲ್ಫ್‌ಗೆ ಹೋಗಿ ಬರುವವರ ವಿಮಾನ ಅದು. ಒಂದೇ ಮಾದರಿಯ ವಾಚು, ಒಂದೇ ತರಹದ ಬಳೆ, ಒಂದೇ ಬಣ್ಣದ ಶರ್ಟು ಇಬ್ಬರ ಮೇಲೆ ಇರುವುದು ದೊಡ್ಡ ಆಶ್ಚರ್ಯ ಏನಲ್ಲ. ಪಕ್ಕದ ಸೀಟಿನವರ ಪಾಸ್‌ಪೋರ್ಟ್ ನಿಮ್ಮ ದೇಹದ ಹತ್ತಿರ ಸಿಗಬಹುದು. ಮಗುವನ್ನು ಯಾರು ಎತ್ತಿಕೊಂಡಿದ್ದರೋ ಅವರೇ ತಾಯಿ ಆಗಿರಬೇಕೆಂದಿಲ್ಲ.

ಇದರ ಮೇಲೆ ನೋಡುವವರ ಸ್ಥಿತಿ. ರಾತ್ರಿಯಿಡೀ ನಿದ್ದೆ ಇಲ್ಲ, ಸಾಲಾಗಿ ಮಲಗಿಸಿದ ದೇಹಗಳು, ಮೇ ತಿಂಗಳ ಸೆಕೆ, ವಾಸನೆ. ಮನಸ್ಸು ಒಂದು ಉತ್ತರಕ್ಕಾಗಿ ಹಾತೊರೆಯುತ್ತಿರುತ್ತದೆ. ಒಂದು ಸಣ್ಣ ಹೋಲಿಕೆ ಸಿಕ್ಕರೆ ಸಾಕು, ಉಳಿದದ್ದನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಪೂರ್ತಿ ನಂಬಿಯೇ ಹೇಳುತ್ತಾರೆ. ತನಿಖಾಧಿಕಾರಿಗೆ ಅಪಾಯ ಇರುವುದು ಆ ನಂಬಿಕೆಯಲ್ಲೇ, ಯಾಕೆಂದರೆ ಅಂಥ ಧ್ವನಿಯ ಎದುರು 'ಇಲ್ಲ, ಕಾಯಿರಿ' ಅನ್ನುವುದು ಕಷ್ಟ.

ಬಾಗಿಲಲ್ಲಿ ಕೂತವರ ಕಷ್ಟ

ಅಂದು ಶವ ಬಿಟ್ಟುಕೊಟ್ಟವರನ್ನು ಸುಮ್ನೆ ದೂರುವುದರಲ್ಲಿ ಅರ್ಥ ಇಲ್ಲ. ಒಂದೇ ಬೆಳಿಗ್ಗೆ 158 ಶವ ಇಡುವಷ್ಟು ಶೀತಲ ಪೆಟ್ಟಿಗೆ ಯಾವ ಜಿಲ್ಲಾ ಆಸ್ಪತ್ರೆಯಲ್ಲಿ ಇರುತ್ತದೆ? ಮುಸ್ಲಿಂ ಮನೆಯವರಿಗೆ ಆದಷ್ಟು ಬೇಗ ದಫನ ಆಗಬೇಕು. ಹಿಂದೂ ಮನೆಗಳಲ್ಲಿ ಶವ ಬರುವವರೆಗೆ ಒಲೆ ಹೊತ್ತುವುದಿಲ್ಲ. ಹೊರಗೆ ಮಂತ್ರಿಗಳು, ಶಾಸಕರು, ಕ್ಯಾಮೆರಾಗಳು. 'ಇನ್ನೂ ಎಷ್ಟು ಹೊತ್ತು' ಎಂಬ ಪ್ರಶ್ನೆಗೆ ಟಿವಿಯಲ್ಲಿ ಗಂಟೆಗೊಮ್ಮೆ ಉತ್ತರ ಕೊಡಬೇಕು. ಬೇಗ ಬಿಟ್ಟುಕೊಟ್ಟ ಆಡಳಿತಕ್ಕೆ ಶಹಬ್ಬಾಸ್, ತಡ ಮಾಡಿದವರಿಗೆ ಬೈಗುಳ. ಯಾರಾದರೂ ಬೇಗ ಮಾಡುವ ಕಡೆಗೇ ವಾಲುತ್ತಾರೆ, ಅಲ್ವಾ?

ಕಾನೂನಿನ ಕಡೆಯಿಂದಲೂ ದೊಡ್ಡ ಆಸರೆ ಇರಲಿಲ್ಲ. ಆಗಿನ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 174ನೇ ಕಲಮಿನ ಪ್ರಕಾರ ಶವ ಮಹಜರಿನಲ್ಲಿ ಏನು ಬರೆಯಬೇಕು? ಮೇಲ್ನೋಟಕ್ಕೆ ಕಾಣುವ ಸಾವಿನ ಕಾರಣ, ಗಾಯ, ಮೂಳೆ ಮುರಿತ, ಅವು ಯಾವ ಆಯುಧದಿಂದ ಆದಂತಿವೆ. ಸತ್ತವರು ಯಾರು ಎಂದು ಹೇಗೆ ಖಚಿತಪಡಿಸಿಕೊಳ್ಳಬೇಕು ಎಂಬುದರ ಬಗ್ಗೆ ಆ ಕಲಮಿನಲ್ಲಿ ಒಂದು ಮಾತೂ ಇಲ್ಲ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 194ನೇ ಕಲಮೂ ಹೆಚ್ಚುಕಡಿಮೆ ಅದೇ ಅಚ್ಚಿನಲ್ಲಿದೆ. ಕಾನೂನು ಸಾವಿನ ರೀತಿಯನ್ನು ಅನುಮಾನಿಸು ಎನ್ನುತ್ತದೆ, ಸತ್ತವರ ಹೆಸರನ್ನು ಅನುಮಾನಿಸು ಎನ್ನುವುದಿಲ್ಲ. ಆ ಅಭ್ಯಾಸವನ್ನು ತರಬೇತಿಯಲ್ಲೇ ಬೆಳೆಸಬೇಕು.

ಇಂಟರ್‌ಪೋಲ್ ಇದಕ್ಕೊಂದು ಪದ್ಧತಿಯನ್ನು 1984ರಿಂದಲೇ ಕೈಪಿಡಿಯಾಗಿ ಕೊಡುತ್ತಿದೆ. ಬಂಧುಗಳಿಂದ ಸತ್ತವರ ಮಾಹಿತಿ ತೆಗೆದುಕೊಳ್ಳಲು ಹಳದಿ ಫಾರಂ. ಶವದಲ್ಲಿ ಕಂಡದ್ದನ್ನು ಬರೆಯಲು ಗುಲಾಬಿ ಫಾರಂ. ಹಳದಿ ತುಂಬುವವರು ಬೇರೆ ತಂಡ, ಗುಲಾಬಿ ತುಂಬುವವರು ಬೇರೆ ತಂಡ. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು ಮೂರನೆಯ ತಂಡ. ಬೆರಳಚ್ಚು, ಹಲ್ಲು, ಡಿಎನ್ಎ, ಈ ಮೂರರಲ್ಲಿ ಒಂದು ಹೊಂದಿದರೆ ಗುರುತು ಸಿಕ್ಕಂತೆ. ಬಟ್ಟೆ, ಒಡವೆ, ಮಚ್ಚೆ, ಹಚ್ಚೆ ಬೆಂಬಲಕ್ಕೆ ಮಾತ್ರ. ಕಣ್ಣಿನ ಗುರುತೊಂದನ್ನೇ ನಂಬಿ ಶವ ಬಿಟ್ಟುಕೊಡಬಾರದು ಎಂದು ಸ್ಪಷ್ಟವಾಗಿ ಹೇಳುತ್ತಾರೆ.

ನನಗೆ ಈ ಪದ್ಧತಿಯಲ್ಲಿ ಬಹಳ ಇಷ್ಟವಾದದ್ದು ತಂಡ ಬೇರೆ ಬೇರೆ ಇಡುವುದು. ಶವ ನೋಡಿದವರೇ ಬಂಧುಗಳ ಜೊತೆ ಮಾತಾಡಿದರೆ ಪ್ರಶ್ನೆಯಲ್ಲೇ ಉತ್ತರ ಸೇರಿಬಿಡುತ್ತದೆ. 'ನಿಮ್ಮ ಅಣ್ಣ ನೀಲಿ ಅಂಗಿ ಹಾಕಿದ್ರಾ?' ಎಂದು ಕೇಳಿದರೆ ಹೌದು ಎಂದೇ ಬರುತ್ತದೆ. 'ಏನು ಹಾಕಿದ್ದರು' ಎಂದು ಕೇಳಿ ಸುಮ್ಮನಿರಬೇಕು.

ಡಿಎನ್ಎ ಇಲ್ಲದೆಯೂ ಈ ಕೆಲಸ ಚೆನ್ನಾಗಿ ಆದ ಉದಾಹರಣೆ ನಮ್ಮದೇ ವಿಮಾನದ್ದಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ಐರ್ಲೆಂಡಿನ ಹತ್ತಿರ ಕಡಲ ಮೇಲೆ ಬಾಂಬಿಗೆ ಸಿಕ್ಕಿ ಸಿಡಿಯಿತು. 329 ಜನ ಸತ್ತರು, ಸಿಕ್ಕಿದ್ದು 131 ಶವಗಳು. ಕಾರ್ಕ್ ನಗರದ ಆಸ್ಪತ್ರೆಯವರು ಮತ್ತು ಪೊಲೀಸರು 131ಕ್ಕೂ ಗುರುತು ಹಚ್ಚಿದರು. ಡಿಎನ್ಎ ಬೆರಳಚ್ಚಿನ ಸಂಶೋಧನೆ ಅದೇ ವರ್ಷ ಪ್ರಕಟವಾಗಿತ್ತಷ್ಟೇ, ಬಳಸುವ ಮಾತೇ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಹಲ್ಲಿನ ದಾಖಲೆ, ಬೆರಳಚ್ಚು, ಆಸ್ಪತ್ರೆಯ ಹಳೆ ಕಡತ ಮತ್ತು ತಾಳ್ಮೆ. ಅಲ್ಲಿನ ದೇಹಗಳು ಸುಟ್ಟಿರಲಿಲ್ಲ ಎಂಬುದನ್ನೂ ಹೇಳಬೇಕು. ಹಾಗಿದ್ದರೂ ಯಂತ್ರಕ್ಕಿಂತ ಶಿಸ್ತು ಮೊದಲು ಅನ್ನುವುದು ಅಲ್ಲಿ ಎದ್ದು ಕಾಣುತ್ತದೆ.

ನಮ್ಮಲ್ಲಿ ಹಲ್ಲಿನ ದಾಖಲೆ ಅಷ್ಟಾಗಿ ಸಿಗುವುದಿಲ್ಲ. ಹಲ್ಲು ಕೀಳಿಸಿಕೊಂಡು ಬರುತ್ತೇವೆ, ಎಕ್ಸ್‌ರೇ ಎಲ್ಲೋ ಕಳೆದುಹೋಗಿರುತ್ತದೆ. ಆದ್ದರಿಂದ ಸುಟ್ಟ ದೇಹಗಳಲ್ಲಿ ಭಾರ ಪೂರ್ತಿ ಡಿಎನ್ಎ ಮೇಲೆ ಬೀಳುತ್ತದೆ. ಅದರಲ್ಲೂ ಠಾಣೆಯವರಿಗೆ ಗೊತ್ತಿರಬೇಕಾದ ಒಂದೆರಡು ವಿಷಯ ಇವೆ. ಮಾದರಿಗೆ ತಂದೆ, ತಾಯಿ ಅಥವಾ ಮಕ್ಕಳು ಬೇಕು. ತಂದೆ-ತಾಯಿ ಮತ್ತು ಮಗುವಿನ ನಡುವೆ ಪರೀಕ್ಷಿಸುವ ಪ್ರತಿ ಜಾಗದಲ್ಲೂ ಒಂದು ಪಾಲು ಹೊಂದಲೇಬೇಕು. ಒಡಹುಟ್ಟಿದವರಲ್ಲಿ ಹಾಗಿಲ್ಲ, ಕೆಲವು ಜಾಗದಲ್ಲಿ ಏನೂ ಹೊಂದದಿರಬಹುದು, ಆಗ ಫಲಿತಾಂಶ ಸಡಿಲ. ಹೆಂಡತಿಯ ರಕ್ತ ಗಂಡನ ಗುರುತಿಗೆ ಒಂಟಿಯಾಗಿ ಏನೂ ಪ್ರಯೋಜನವಿಲ್ಲ, ಮಗುವಿನ ಜೊತೆ ತೆಗೆದರೆ ಉಪಯೋಗ. ಭಾವ, ಮಾವ, ಊರಿನ ಮುಖಂಡ ಬಂದು ತೋಳು ಚಾಚಿದರೆ ನಯವಾಗಿ ಕೂರಿಸಬೇಕು. ಒಂದೇ ಮನೆಯ ಮೂವರು ಸತ್ತಿದ್ದರೆ ಇನ್ನೂ ಕಷ್ಟ: ಇಬ್ಬರು ಅಣ್ಣತಮ್ಮಂದಿರಲ್ಲಿ ಯಾರು ಯಾರು ಎಂದು ತಾಯಿಯ ರಕ್ತ ಹೇಳುವುದಿಲ್ಲ. ಅವರ ಹಲ್ಲುಜ್ಜುವ ಬ್ರಶ್ಶೋ ರೇಜರೋ ಬೇಕಾಗುತ್ತದೆ.

ಶವದಿಂದ ಏನು ತೆಗೆಯಬೇಕು? ಮೇಲಿನ ಸುಟ್ಟ ಭಾಗ ಅಲ್ಲ. ಒಳಗಿನ ಸ್ನಾಯು, ಹೃದಯದಲ್ಲಿ ಉಳಿದ ರಕ್ತ, ತೀರಾ ಸುಟ್ಟಿದ್ದರೆ ತೊಡೆಮೂಳೆಯ ನಡುವಿನ ತುಂಡು ಅಥವಾ ದವಡೆಹಲ್ಲು. ಫಾರ್ಮಲಿನ್‌ನಲ್ಲಿ ಹಾಕಿದರೆ ಡಿಎನ್ಎ ಹಾಳು. ಅಂಗಾಂಶ ಪರೀಕ್ಷೆಗೆಂದು ಫಾರ್ಮಲಿನ್ ತುಂಬಿಟ್ಟ ಹಿಸ್ಟೋಪೆಥಾಲಜಿ ಬಾಟಲಿಗೆ ಕೈ ಹೋಗುವ ಅಭ್ಯಾಸದಿಂದ ಈ ತಪ್ಪು ಆಗುತ್ತದೆ.

ಆಮೇಲೆ ಏನು ಬದಲಾಯಿತು

ಮಂಗಳೂರಿನ ದುರಂತ ನಡೆದ ವರ್ಷವೇ, ಆಗಸ್ಟ್ ತಿಂಗಳಲ್ಲಿ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ವಿಪತ್ತುಗಳಲ್ಲಿ ಮೃತದೇಹಗಳ ನಿರ್ವಹಣೆಗೆಂದೇ ಮಾರ್ಗಸೂಚಿ ತಂದಿತು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ವೋಲ್ವೊ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಸುಟ್ಟು 45 ಜನ ಸತ್ತಾಗ ಡಿಎನ್ಎ ಪರೀಕ್ಷೆಯ ಮೊರೆ ಹೋಗಬೇಕಾಯಿತು. ಬಸ್ಸಿನಲ್ಲಿ ಕೆಲಸ ಇನ್ನೂ ಕಷ್ಟ. ನಡುದಾರಿಯಲ್ಲಿ ಹತ್ತಿದವರು, ಬೇರೆಯವರ ಹೆಸರಿನ ಟಿಕೆಟ್‌ನಲ್ಲಿ ಹೋದವರು, ಹೀಗೆ ಪಟ್ಟಿಯನ್ನೇ ನಂಬುವಂತಿಲ್ಲ. ಮಂಗಳೂರಿನಲ್ಲಿ ತಪ್ಪು ಹಿಡಿದುಕೊಟ್ಟ ಕೂಡಿಸಿ-ಕಳೆಯುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ 171 ಬಿದ್ದು ನೆಲದ ಮೇಲಿದ್ದವರೂ ಸೇರಿ 260 ಜನ ಸತ್ತಾಗ ಬಹುತೇಕ ಎಲ್ಲ ಶವಗಳನ್ನೂ ಡಿಎನ್ಎ ಹೊಂದಿದ ಮೇಲೆಯೇ ಕೊಟ್ಟರು. ಸತ್ತವರಲ್ಲಿ ಗುಜರಾತಿನ ಮಾಜಿ ಮುಖ್ಯಮಂತ್ರಿ ವಿಜಯ್ ರೂಪಾನಿ ಇದ್ದರು. ಅವರ ಮನೆಯವರೂ ಮೂರು ದಿನ ಕಾದರು. ಬಂದವರಿಗೆ 'ಕಾಯಿರಿ' ಎನ್ನಲು ಹೆದರುವ ಕಿರಿಯ ಅಧಿಕಾರಿಗಳಿಗೆ ನಾನು ಈ ಉದಾಹರಣೆಯನ್ನು ತಪ್ಪದೆ ಹೇಳುತ್ತೇನೆ.

ಅಲ್ಲೂ ಎಲ್ಲ ಸುಸೂತ್ರವಾಗಿರಲಿಲ್ಲ. ಬ್ರಿಟನ್ನಿಗೆ ಹೋದ ಪೆಟ್ಟಿಗೆಗಳಲ್ಲಿ ಬೇರೆಯವರ ಅವಶೇಷ ಇತ್ತೆಂದು ಅಲ್ಲಿನ ಕುಟುಂಬಗಳ ವಕೀಲರು ಹೇಳಿದರು, ನಿಯಮದ ಪ್ರಕಾರವೇ ನಡೆದುಕೊಂಡಿದ್ದೇವೆ ಎಂದು ಭಾರತ ಸರ್ಕಾರ ಉತ್ತರಿಸಿತು. ಯಾರು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಒಂದು ಚೀಲದಲ್ಲಿ ಒಬ್ಬರದೇ ದೇಹ ಇದೆ ಎಂದುಕೊಂಡು ಒಂದೇ ಮಾದರಿ ತೆಗೆದರೆ ಡಿಎನ್ಎ ಆ ತುಂಡಿಗೆ ಮಾತ್ರ ಉತ್ತರ ಕೊಡುತ್ತದೆ, ಚೀಲಕ್ಕೆ ಅಲ್ಲ. ಚೀಲ ಕಟ್ಟುವುದು ಲ್ಯಾಬ್‌ನವರಲ್ಲ, ಸ್ಥಳದಲ್ಲಿ ನಿಂತ ನಾವು.

ತರಗತಿಯಲ್ಲಿ ಹೇಗೆ ಕಲಿಸಬಹುದು

ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ, ರಾಜ್ಯದ ಪೊಲೀಸರಲ್ಲಿ ಅಪರಾಧ ಸ್ಥಳಕ್ಕೆಂದೇ ಸೋಕೋ ಅಧಿಕಾರಿಗಳಿದ್ದಾರೆ. ಒಳ್ಳೆಯದೇ. ಆದರೆ ಮಂಗಳೂರಿನ ತಪ್ಪು ವಿಜ್ಞಾನಿಗಳ ಕೈಯಲ್ಲಿ ಆದದ್ದಲ್ಲ. ಆದದ್ದು ಪೇದೆ, ಎಸ್‌ಐ, ತಹಶೀಲ್ದಾರ್, ಶವಾಗಾರದ ಸಹಾಯಕ ಕೂತ ಮೇಜಿನಲ್ಲಿ. ಈ ಪಾಠ ಅವರಿಗೆ ಬೇಕು, ಅದೂ ಭಾಷಣವಾಗಿ ಅಲ್ಲ.

ನಾನು ಸೂಚಿಸುವುದು ಒಂದು ಮಧ್ಯಾಹ್ನದ ಆಟ. ಇಪ್ಪತ್ತು ಗುಲಾಬಿ ಹಾಳೆ, ಇಪ್ಪತ್ತು ಹಳದಿ ಹಾಳೆ. ಅರ್ಧ ತರಗತಿ ಬಂಧುಗಳ ಪಾತ್ರ, ಉಳಿದವರು ಮೇಜಿನವರು. ಬಂಧುಗಳಿಗೆ ಗುಟ್ಟಾಗಿ ಒಂದು ಮಾತು ಹೇಳಿರಬೇಕು: ನಿಮಗೆ ಅರ್ಧ ಗಂಟೆಯಲ್ಲಿ ಶವ ಬೇಕು, ಅಳಿ, ಬೈಯಿರಿ, ಶಾಸಕರಿಗೆ ಫೋನ್ ಮಾಡಿಸಿ. ಮೇಜಿನವರಿಗೆ ಪದ್ಧತಿ ಮೊದಲೇ ಗೊತ್ತು. ಗೊತ್ತಿದ್ದೂ ಎಷ್ಟು ಹಾಳೆ ಕೈಬಿಟ್ಟು ಹೋಗುತ್ತವೆ ಎಂದು ಕೊನೆಗೆ ಎಲ್ಲರೆದುರು ತಾಳೆ ನೋಡಬೇಕು. ಬಂಧುವಿನ ಪಾತ್ರಕ್ಕೆ ಸ್ವಲ್ಪ ಹಿರಿಯ, ಗಟ್ಟಿ ದನಿಯ ಪೇದೆಗಳನ್ನು ಹಾಕಿ. ಶವಾಗಾರದ ಬಾಗಿಲಲ್ಲಿ ವರ್ಷಗಟ್ಟಲೆ ನಿಂತವರು ಅವರು, ಜನ ಹೇಗೆ ಮಾತಾಡುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಆಟ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ: ಒತ್ತಡ ತಡೆಯಲಾಗದೆ ಶವ ಕೊಡಲೇಬೇಕಾಗಿ ಬಂದರೆ, ಕೊಡುವ ಮೊದಲು ಮಾಡಬೇಕಾದ ಒಂದೇ ಒಂದು ಕೆಲಸ ಯಾವುದು? ಮಾದರಿ ತೆಗೆದಿಟ್ಟುಕೊಳ್ಳುವುದು. ಗುರುತು ಸಿಕ್ಕಿದೆ ಎಂದು ಎಲ್ಲರಿಗೂ ಅನ್ನಿಸಿದ ಶವದಿಂದಲೂ. ಒಂದು ಹಲ್ಲು ಅಥವಾ ಬೆರಳುದ್ದದ ಸ್ನಾಯು, ಶವದ ನಂಬರ್ ಬರೆದ ಡಬ್ಬಿ, ಫ್ರೀಜರ್. ಜೊತೆಗೆ ಶವ ಒಯ್ಯುವವರ ಬೆರಳಿನಿಂದ ಒಂದು ಹನಿ ರಕ್ತ ಕಾರ್ಡಿನ ಮೇಲೆ. ಐದು ನಿಮಿಷದ ಕೆಲಸ, ಅಂತ್ಯಸಂಸ್ಕಾರಕ್ಕೆ ಯಾವ ಅಡ್ಡಿಯೂ ಇಲ್ಲ. ದಹನವಾದ ಮೇಲೆ ಬೂದಿಯಿಂದ ಡಿಎನ್ಎ ತೆಗೆಯುತ್ತೇವೆ ಅನ್ನುವ ಆಸೆ ಇಟ್ಟುಕೊಳ್ಳುವ ಹಾಗಿಲ್ಲ, ದಫನವಾದದ್ದನ್ನು ಮತ್ತೆ ತೆಗೆಸುವುದು ಯಾವ ಮನೆಯವರೂ ಸುಲಭಕ್ಕೆ ಒಪ್ಪುವ ಮಾತಲ್ಲ. ಮಂಗಳೂರಿನಲ್ಲಿ 158 ಡಬ್ಬಿಗಳೂ ಹೈದರಾಬಾದಿಗೆ ಹೋಗಿದ್ದರೆ ಆ 12 ಶವಗಳ ಮನೆ ಯಾವುದೆಂದು ಗೊತ್ತಾಗುತ್ತಿತ್ತು, ಕಾದು ಕಾದು ಬರಿಗೈಯಲ್ಲಿ ಹೋದವರ ಮನೆಯ ಶವ ಯಾರ ಹೆಸರಿನಲ್ಲಿ ಹೋಯಿತು ಅನ್ನುವುದೂ ಗೊತ್ತಾಗುತ್ತಿತ್ತು. ಶವ ಹಸ್ತಾಂತರದ ರಿಜಿಸ್ಟರಿನಲ್ಲಿ ಸಹಿಯ ಅಂಕಣದ ಪಕ್ಕ 'ಮಾದರಿ ಡಬ್ಬಿ ನಂಬರ್' ಎಂದು ಇನ್ನೊಂದು ಗೆರೆ ಎಳೆದು, ಅದು ತುಂಬದೆ ಸಹಿ ಹಾಕಿಸಿಕೊಳ್ಳಬಾರದು ಎಂದು ತರಗತಿಯಲ್ಲೇ ರೂಢಿ ಮಾಡಿಸಬೇಕು.